ಮ್ಯಾಕ್‌ಗ್ರೆಗರ್ ಬೆಟ್ಟದ ಸಾಲಗಾರ

ಆಲ್ಬನಿಯಿಂದ ಉತ್ತರಕ್ಕೆ ಮುಕ್ಕಾಲು ಗಂಟೆ ಕಾರಿನಲ್ಲಿ ಹೋದರೆ ಸಾರಟೋಗ ಸ್ಪ್ರಿಂಗ್ಸ್. ಖನಿಜ ನೀರಿನ ಬುಗ್ಗೆಗಳಿಗೂ ಕುದುರೆ ರೇಸಿಗೂ ಹೆಸರಾದ ಊರು. ಬೇಸಿಗೆಯಲ್ಲಿ ಅಲ್ಲಿಗೆ ನುಗ್ಗುವ ಕಾರುಗಳಲ್ಲಿ ಬಹುಪಾಲು ರೇಸಿನ ಮೈದಾನಕ್ಕೇ ಹೋಗುತ್ತವೆ. ನಾವು ಊರು ದಾಟಿ ವಿಲ್ಟನ್ ಕಡೆ ಹೊರಳಿ ಬೆಟ್ಟದ ದಾರಿ ಹಿಡಿದೆವು. ಎರಡೂ ಬದಿ ಒತ್ತೊತ್ತಾದ ಕಾಡು. ಆಮೇಲೆ ಇದ್ದಕ್ಕಿದ್ದಂತೆ ಖಾಲಿ ಬಿದ್ದ ದೊಡ್ಡ ದೊಡ್ಡ ಕಟ್ಟಡಗಳು.

‘ಮಾವ, ಇದು ಜೈಲಿನ ಥರ ಕಾಣ್ತಿದೆಯಲ್ಲ’ ಎಂದ ಅಳಿಯ.

ಜೈಲೇ. 2014ರವರೆಗೂ ಇಲ್ಲಿ ನ್ಯೂಯಾರ್ಕ್ ರಾಜ್ಯದ ಬಂದೀಖಾನೆಯಿತ್ತು. ಆಗ ನಾವು ಹುಡುಕಿ ಹೊರಟಿದ್ದ ಮನೆ ನೋಡಲು ಬಂದವರು ಮೊದಲು ಜೈಲಿನ ಕಾವಲುಗಾರರಿಗೆ ಮುಖ ತೋರಿಸಿಯೇ ಮುಂದೆ ಹೋಗಬೇಕಿತ್ತಂತೆ. ಜೈಲಿಗೂ ಮೊದಲು ಇದು ಒಂದು ವಿಮಾ ಕಂಪನಿಯ ಕ್ಷಯರೋಗಿಗಳ ಆಸ್ಪತ್ರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನಿಕರ ವಿಶ್ರಾಂತಿ ಶಿಬಿರ. ಇನ್ನೂ ಹಿಂದಕ್ಕೆ ಹೋದರೆ ಶ್ರೀಮಂತರ ಹೋಟೆಲು, ಅದಕ್ಕೆಂದೇ ಬೆಟ್ಟ ಹತ್ತುತ್ತಿದ್ದ ಪುಟ್ಟ ರೈಲು. ಹೋಟೆಲು 1897ರಲ್ಲಿ ಸುಟ್ಟುಹೋಯಿತು, ರೈಲು ನಿಂತಿತು. ಉಳಿದುಕೊಂಡಿರುವುದು ಒಂದು ಮರದ ಮನೆ. ಸುತ್ತಲೂ ಅಗಲವಾದ ಜಗಲಿ, ಮೇಲೆ ಒಂದು ಮಹಡಿ. ಅಮೆರಿಕದ ಹದಿನೆಂಟನೇ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ 1885ರ ಜೂನ್ 16ರಂದು ಇಲ್ಲಿಗೆ ಬಂದ. ಜುಲೈ 23ರ ಬೆಳಿಗ್ಗೆ ಇಲ್ಲೇ ಕಣ್ಣುಮುಚ್ಚಿದ. ಇದ್ದದ್ದು ಆರು ವಾರವೂ ಇಲ್ಲ. ಮನೆ ಆತನದೂ ಅಲ್ಲ. ಜೋಸೆಫ್ ಡ್ರೆಕ್ಸೆಲ್ ಎಂಬ ಹಣವಂತ ಬೇಸಿಗೆ ಕಳೆಯಲು ಬಿಟ್ಟುಕೊಟ್ಟದ್ದು. ಅದರಲ್ಲಿ ದಾಕ್ಷಿಣ್ಯದ ಜೊತೆಗೆ ವ್ಯಾಪಾರವೂ ಬೆರೆತಿತ್ತು. ಇಂಥ ಮನುಷ್ಯ ಇಲ್ಲಿ ಸತ್ತರೆ ಬೆಟ್ಟ ಒಂದು ಕ್ಷೇತ್ರವೇ ಆಗಿಬಿಡಬಹುದು ಎಂದು ಲೆಕ್ಕ ಹಾಕಿದ್ದಾಗಿ ಬೆಟ್ಟದ ರೈಲಿನ ಪ್ರವರ್ತಕನೇ ಆಮೇಲೆ ಬರೆದುಕೊಂಡಿದ್ದಾನೆ.

ಅಮೆರಿಕದಲ್ಲಿ ಅಧ್ಯಕ್ಷರ ಮನೆಗಳಿಗೆ ಕೊರತೆಯಿಲ್ಲ. ಲಿಂಕನ್ನನ ಸ್ಪ್ರಿಂಗ್‌ಫೀಲ್ಡ್, ವಾಷಿಂಗ್ಟನ್ನನ ಮೌಂಟ್ ವರ್ನನ್ ಎಲ್ಲರಿಗೂ ಗೊತ್ತು. ಇದನ್ನೇ ನೋಡಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣ ನನ್ನ ಕಸುಬು. ನೌಕರಿಯ ಬಹುಭಾಗವನ್ನು ಸಹಕಾರಿ ಬ್ಯಾಂಕೊಂದರ ಸಾಲದ ವಿಭಾಗದಲ್ಲಿ ಕಳೆದವನು ನಾನು. ಸಾಲ ಮಾಡಿದವರು ಮುಖ ತಪ್ಪಿಸುವುದನ್ನೂ ಜಾಮೀನು ನಿಂತವರು ಕಣ್ಣೀರು ಹಾಕುವುದನ್ನೂ ಸಾಕಷ್ಟು ಕಂಡಿದ್ದೇನೆ. ದೇಶ ಆಳಿದವನೊಬ್ಬ ಸಾಲ ತೀರಿಸಲೆಂದು ಗಂಟಲಿನ ಕ್ಯಾನ್ಸರಿನ ನಡುವೆ ಕೂತು ಪುಸ್ತಕ ಬರೆದ ಎಂಬುದನ್ನು ಎಲ್ಲೋ ಓದಿದ ಮೇಲೆ ಆ ಕುರ್ಚಿ ನೋಡಬೇಕೆನಿಸಿತ್ತು.

ಒಂದಲ್ಲ, ಎರಡು ಕುರ್ಚಿ. ಚರ್ಮದ ಹೊದಿಕೆಯ ದಪ್ಪ ಕುರ್ಚಿಗಳು, ಎದುರುಬದುರಾಗಿ. ಒಂದರಲ್ಲಿ ಕೂತು ಇನ್ನೊಂದರ ಮೇಲೆ ಕಾಲು ಚಾಚಿ ರಾತ್ರಿ ಕಳೆಯುತ್ತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಪಕ್ಕದ ಕೋಣೆಯಲ್ಲಿ ನೋವಿಗೆ ಗಂಟಲಿಗೆ ಹಚ್ಚುತ್ತಿದ್ದ ಕೊಕೇನ್ ದ್ರಾವಣದ ಸೀಸೆ ಇಂದಿಗೂ ಇದೆ. ಅಂತ್ಯಸಂಸ್ಕಾರಕ್ಕೆ ಬಂದ ಹೂವಿನ ದೊಡ್ಡ ಅಲಂಕಾರಗಳನ್ನು ಮೇಣದಲ್ಲಿ ಅದ್ದಿ ಕಾಪಾಡಿದ್ದಾರೆ. ನೂರಮೂವತ್ತು ವರ್ಷ ದಾಟಿ ಕಂದುಬಣ್ಣಕ್ಕೆ ತಿರುಗಿವೆ. ಅಗ್ಗಿಷ್ಟಿಕೆಯ ಮೇಲಿನ ಗಡಿಯಾರದಲ್ಲಿ ಎಂಟು ಗಂಟೆ ಎಂಟು ನಿಮಿಷ. ತಂದೆಯ ಉಸಿರು ನಿಂತ ಹೊತ್ತಿಗೆ ಹಿರಿಯ ಮಗ ಫ್ರೆಡ್ ಅದನ್ನು ನಿಲ್ಲಿಸಿದನಂತೆ. ನಮಗೆ ಮನೆ ತೋರಿಸಿದ ವಯಸ್ಸಾದ ಸ್ವಯಂಸೇವಕರು ಇದನ್ನೆಲ್ಲ ದನಿ ತಗ್ಗಿಸಿಯೇ ಹೇಳಿದರು. ನನ್ನ ಕಣ್ಣು ಮಾತ್ರ ಕುರ್ಚಿಯ ಮೇಲೇ ಇತ್ತು.

ಈ ಕುರ್ಚಿಗೆ ಆತ ಬಂದು ಬಿದ್ದದ್ದು ಹೇಗೆ? ಅಧ್ಯಕ್ಷಗಿರಿ ಮುಗಿಸಿ ನ್ಯೂಯಾರ್ಕಿನಲ್ಲಿ ನೆಲೆಸಿದ ಗ್ರಾಂಟ್, ಮಗನ ಪಾಲುಗಾರನಾಗಿದ್ದ ಫರ್ಡಿನಾಂಡ್ ವಾರ್ಡ್ ಎಂಬ ಚಾಲಾಕಿ ತರುಣನನ್ನು ನಂಬಿದ. ‘ಗ್ರಾಂಟ್ ಅಂಡ್ ವಾರ್ಡ್’ ಎಂಬ ಸಂಸ್ಥೆ ಹುಟ್ಟಿತು. ಹೆಸರು ಗ್ರಾಂಟನದು, ಲೆಕ್ಕಪುಸ್ತಕ ವಾರ್ಡನ ಕೈಯಲ್ಲಿ. ಒಂದೇ ಸಾಲಪತ್ರವನ್ನು ಹಲವು ಕಡೆ ಅಡವಿಟ್ಟು ಹಣ ಎತ್ತುವುದು, ಹೊಸಬರು ಹಾಕಿದ ದುಡ್ಡಿನಲ್ಲಿ ಹಳಬರಿಗೆ ಲಾಭ ಹಂಚುವುದು. ಚೀಟಿ ಕಂಪನಿಗಳು ಮುಳುಗಿದ ಸುದ್ದಿ ಓದಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1884ರ ಮೇ 4, ಭಾನುವಾರ, ವಾರ್ಡ್ ಮನೆಗೇ ಬಂದು ಒಂದೇ ದಿನದ ಮಟ್ಟಿಗೆ ಒಂದೂವರೆ ಲಕ್ಷ ಡಾಲರ್ ಬೇಕೆಂದ. ಗ್ರಾಂಟ್ ಆಗ ಊರುಗೋಲು ಹಿಡಿದು ನಡೆಯುತ್ತಿದ್ದ. ಹಾಗೇ ಕುಂಟುತ್ತ ಹೋಗಿ, ರೈಲು ಕುಬೇರ ವಿಲಿಯಂ ವ್ಯಾಂಡರ್‌ಬಿಲ್ಟನಿಂದ ತನ್ನ ವೈಯಕ್ತಿಕ ಹೊಣೆಯ ಮೇಲೆ ಚೆಕ್ ತಂದುಕೊಟ್ಟ. ಎರಡು ದಿನದಲ್ಲಿ ಎಲ್ಲ ಕುಸಿಯಿತು. ಒಂದೂವರೆ ಕೋಟಿ ಡಾಲರಿಗೂ ಮಿಕ್ಕಿದ ಬಾಕಿ. ತಿಜೋರಿಯಲ್ಲಿ ಅದರ ನೂರನೇ ಒಂದು ಭಾಗವೂ ಇಲ್ಲ. ಕೋಟ್ಯಧೀಶನಾದೆನೆಂದು ನಂಬಿದ್ದ ಗ್ರಾಂಟನ ಕೈಯಲ್ಲಿ ಉಳಿದದ್ದು ಸುಮಾರು 80 ಡಾಲರ್, ಹೆಂಡತಿ ಜೂಲಿಯಾಳ ಬಳಿ 130.

ನನ್ನ ಮನಸ್ಸು ತಟ್ಟಿದ್ದು ಆಮೇಲಿನದು. ವ್ಯಾಂಡರ್‌ಬಿಲ್ಟ್ ಸಾಲ ಮನ್ನಾ ಮಾಡುತ್ತೇನೆಂದರೂ ಗ್ರಾಂಟ್ ಒಪ್ಪಲಿಲ್ಲ. ಮನೆಗಳು, ಯುದ್ಧದ ಖಡ್ಗಗಳು, ಪದಕಗಳು, ದೇಶದೇಶಗಳ ದೊರೆಗಳು ಕೊಟ್ಟ ಉಡುಗೊರೆಗಳನ್ನೆಲ್ಲ ಸಾಲದ ಬಾಬ್ತು ಬರೆದುಕೊಟ್ಟ. ಕೊನೆಗೆ ಅವು ದೇಶದ ವಸ್ತುಸಂಗ್ರಹಾಲಯ ಸೇರಿದವು. ಮಾಜಿ ಅಧ್ಯಕ್ಷರಿಗೆ ಆಗ ಪಿಂಚಣಿಯೇ ಇರಲಿಲ್ಲ. ಆ ಕಾನೂನು ಬಂದದ್ದು 1958ರಲ್ಲಿ. ಅಧ್ಯಕ್ಷನಾಗಲೆಂದು ಸೇನೆಯ ಹುದ್ದೆ ಬಿಟ್ಟಿದ್ದರಿಂದ ಸೈನಿಕನ ಭತ್ಯೆಯೂ ಇಲ್ಲ. ಈಗ ನಮ್ಮ ಮಗಳ ಮನೆ ಇರುವ ಕಡೆಗೆ ಹತ್ತಿರದ ಲ್ಯಾನ್ಸಿಂಗ್‌ಬರ್ಗ್‌ನಿಂದ ಚಾರ್ಲ್ಸ್ ವುಡ್ ಎಂಬ ಬ್ರಷ್ ತಯಾರಕ, ಮುಖಪರಿಚಯವೂ ಇಲ್ಲದವನು, 500 ಡಾಲರಿನ ಚೆಕ್ ಕಳಿಸಿದ. 1865ರ ಏಪ್ರಿಲಿಗೆ ಮುಗಿದ ಸೇವೆಯ ಬಾಬ್ತು ತನ್ನ ಪಾಲಿನ ಬಾಕಿ ಎಂದು ಕಾಗದದಲ್ಲಿ ಬರೆದಿದ್ದ. ಸಾಲದ ವಿಭಾಗದಲ್ಲಿ ನಾನು ನೋಡಿದ ಕಾಗದಗಳಲ್ಲಿ ಇಂಥದ್ದೊಂದಿರಲಿಲ್ಲ.

ಬಡತನ ಗ್ರಾಂಟನಿಗೆ ಹೊಸದಲ್ಲ. 1822ರಲ್ಲಿ ಒಹಾಯೋದ ಪಾಯಿಂಟ್ ಪ್ಲೆಸೆಂಟ್‌ನಲ್ಲಿ ಹುಟ್ಟಿದವನು. ಅಪ್ಪನದು ಚರ್ಮ ಹದಮಾಡುವ ಕೆಲಸ. ಅದರ ವಾಸನೆ, ರಕ್ತ ಹುಡುಗನಿಗೆ ಆಗುತ್ತಿರಲಿಲ್ಲ, ಕುದುರೆಗಳೆಂದರೆ ಪ್ರಾಣ. ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ 39 ಜನರಲ್ಲಿ ಇಪ್ಪತ್ತೊಂದನೆಯವನಾಗಿ ಪಾಸಾದ. ಮೆಕ್ಸಿಕೋ ಯುದ್ಧದಲ್ಲಿ ಹೋರಾಡಿಯೂ, ಅದು ಬಲಿಷ್ಠ ದೇಶ ದುರ್ಬಲ ದೇಶದ ಮೇಲೆ ಮಾಡಿದ ಅನ್ಯಾಯ ಎಂದು ಮುಂದೆ ಬರೆದ. ಹೆಂಡತಿ ಮಕ್ಕಳಿಂದ ದೂರ ಕ್ಯಾಲಿಫೋರ್ನಿಯದ ಠಾಣೆಯಲ್ಲಿ ಒಬ್ಬಂಟಿಯಾಗಿ, ಕುಡಿತದ ಮಾತೂ ಅಂಟಿಕೊಂಡು, 1854ರಲ್ಲಿ ರಾಜೀನಾಮೆ ಕೊಟ್ಟ. ಆಮೇಲಿನದು ಏಳು ವರ್ಷದ ಸೋಲು. ಸೇಂಟ್ ಲೂಯಿಸ್ ಬಳಿ ಮಾವ ಕೊಟ್ಟ ನೆಲದಲ್ಲಿ ಬೇಸಾಯ ಕೈಹತ್ತಲಿಲ್ಲ. ಗಾಡಿಯಲ್ಲಿ ಸೌದೆ ಹೇರಿಕೊಂಡು ಪೇಟೆಯ ಬೀದಿಗಳಲ್ಲಿ ಮಾರಿದ. 1857ರ ಕ್ರಿಸ್ಮಸ್ ಮುಂಚೆ ತನ್ನ ಚಿನ್ನದ ಗಡಿಯಾರವನ್ನು 22 ಡಾಲರಿಗೆ ಗಿರವಿಯಿಟ್ಟ. ಆ ಗಿರವಿ ಚೀಟಿ ಉಳಿದುಬಂದಿದೆ.

ಅಂಥ ದಿನಗಳಲ್ಲೇ, 1859ರ ಮಾರ್ಚಿನಲ್ಲಿ, ಆತ ಕೋರ್ಟಿಗೆ ಹೋಗಿ ಒಂದು ಕಾಗದಕ್ಕೆ ರುಜು ಹಾಕಿದ. ವಿಲಿಯಂ ಜೋನ್ಸ್ ಎಂಬ ಕರಿಯ ಗುಲಾಮನ ಬಿಡುಗಡೆ ಪತ್ರ. ಮಾವನ ಮನೆಯವರು ಗುಲಾಮರನ್ನಿಟ್ಟುಕೊಂಡವರು. ಗ್ರಾಂಟ್ ಕೂಡ ಆ ಪಾಪದಲ್ಲಿ ಪಾಲುಗಾರನಾಗಿದ್ದ, ಅದನ್ನು ಮುಚ್ಚಿಡುವಂತಿಲ್ಲ. ಆದರೆ ಜೋನ್ಸ್‌ನನ್ನು ಮಾರಿದ್ದರೆ ಮನೆಯ ಕಷ್ಟ ಒಂದಷ್ಟು ದಿನವಾದರೂ ನೀಗುತ್ತಿತ್ತು. ಮಾರಲಿಲ್ಲ, ಬಿಟ್ಟುಬಿಟ್ಟ. ಯಾಕೆಂದು ಎಲ್ಲೂ ಬರೆದಿಡಲಿಲ್ಲ.

1861ರಲ್ಲಿ ಉತ್ತರ ದಕ್ಷಿಣಗಳ ನಡುವೆ ಅಂತರ್ಯುದ್ಧ ಶುರುವಾದಾಗ ಇಲಿನಾಯ್‌ನ ಗಲೀನಾದಲ್ಲಿ ಅಪ್ಪನ ಚರ್ಮದಂಗಡಿಯಲ್ಲಿ ಗುಮಾಸ್ತೆ. ಮೂರು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ಇಡೀ ಸೇನೆಯ ದಂಡನಾಯಕ. ನಡುವೆ ಡೊನೆಲ್ಸನ್ ಕೋಟೆ, ಶೈಲೋ, ವಿಕ್ಸ್‌ಬರ್ಗ್, ಚಟನೂಗದ ಕದನಗಳು. ಡೊನೆಲ್ಸನ್ ಗೆದ್ದಾಗ ಆತನ ಬಾಯಲ್ಲಿ ಚುಟ್ಟವಿತ್ತೆಂದು ಪತ್ರಿಕೆಗಳು ಬರೆದವು. ಅಭಿಮಾನಿಗಳು ಪೆಟ್ಟಿಗೆಗಟ್ಟಲೆ ಚುಟ್ಟ ಕಳಿಸಿದರು. ಅಲ್ಲಿಯವರೆಗೆ ಮಿತವಾಗಿ ಸೇದುತ್ತಿದ್ದವನು ಆಮೇಲೆ ಬಿಡಲೇ ಇಲ್ಲ. ಗಂಟಲಿನ ಹುಣ್ಣಿಗೆ ಬೀಜ ಬಿದ್ದದ್ದು ಬಹುಶಃ ಆ ಗೆಲುವಿನಲ್ಲೇ.

ಆತನನ್ನು ಕಟುಕ ಎಂದು ಕರೆದವರು ಆಗಲೂ ಇದ್ದರು. ಶೈಲೋದಲ್ಲಿ ಎರಡು ದಿನದಲ್ಲಿ ಎರಡೂ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 23 ಸಾವಿರಕ್ಕೂ ಹೆಚ್ಚು. 1864ರಲ್ಲಿ ಕೋಲ್ಡ್ ಹಾರ್ಬರ್‌ನ ಕೊನೆಯ ದಾಳಿಗೆ ಆಜ್ಞೆ ಕೊಟ್ಟದ್ದಕ್ಕೆ ಸದಾ ಪಶ್ಚಾತ್ತಾಪಪಟ್ಟಿದ್ದೇನೆಂದು ಆತ ಪುಸ್ತಕದಲ್ಲಿ ಒಪ್ಪಿಕೊಳ್ಳುತ್ತಾನೆ. ಸೇನಾಪತಿಗಳ ಆತ್ಮಕಥೆಗಳಲ್ಲಿ ಇಂಥ ಒಪ್ಪಿಗೆ ಅಪರೂಪ.

ಆತ್ಮಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1865ರ ಏಪ್ರಿಲ್ 9ರ ಆಪೊಮ್ಯಾಟಕ್ಸ್ ಶರಣಾಗತಿಯ ಭಾಗ. ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಹೊಸ ಸಮವಸ್ತ್ರ, ಬೆಲೆಬಾಳುವ ಖಡ್ಗ ತೊಟ್ಟು ಬಂದಿದ್ದಾನೆ. ಗೆದ್ದವನ ಮೈಮೇಲೆ ಸಾಮಾನ್ಯ ಸೈನಿಕನ ಅಂಗಿ, ಕೆಸರು ಮೆತ್ತಿದ ಬೂಟು, ಖಡ್ಗವೇ ಇಲ್ಲ. ಇಬ್ಬರೂ ಹಳೆಯ ಮೆಕ್ಸಿಕೋ ದಿನಗಳ ಮಾತಿಗೆ ಬೀಳುತ್ತಾರೆ. ಬಂದ ಕೆಲಸವನ್ನು ಲೀಯೇ ನೆನಪಿಸಬೇಕಾಯಿತಂತೆ. ಶರಣಾದ ಸೈನಿಕರು ತಮ್ಮ ಕುದುರೆ, ಹೇಸರಗತ್ತೆಗಳನ್ನು ಮನೆಗೆ ಒಯ್ಯಬಹುದು, ಮುಂದಿನ ಬೆಳೆಯ ಉಳುಮೆಗೆ ಬೇಕಾಗುತ್ತದೆ ಎಂದು ಗ್ರಾಂಟ್ ಒಪ್ಪಿದ. ಹಸಿದಿದ್ದ ಲೀಯ ಸೇನೆಗೆ 25 ಸಾವಿರ ಜನರ ಊಟದ ಸಾಮಗ್ರಿ ಕಳಿಸಿದ. ಅಷ್ಟು ಧೈರ್ಯವಾಗಿ ಹೋರಾಡಿದ ಶತ್ರು ಬಿದ್ದದ್ದಕ್ಕೆ ಸಂತೋಷಪಡಲಾರೆ, ಆದರೆ ಅವರು ಹೋರಾಡಿದ ಉದ್ದೇಶ ಮಾತ್ರ ಅತ್ಯಂತ ಹೀನವಾದದ್ದು ಎಂಬುದು ಅಲ್ಲಿಯ ಧಾಟಿ. ಯುದ್ಧಕ್ಕೆ ಕಾರಣ ಗುಲಾಮಗಿರಿಯೇ ಎಂದು ಕೊನೆಯಲ್ಲಿ ನೇರ ಬರೆಯುತ್ತಾನೆ. ದಕ್ಷಿಣದಲ್ಲಿ ಆ ಸತ್ಯವನ್ನು ಮಸುಕು ಮಾಡುವ ಕೆಲಸ ಆಗಲೇ ಶುರುವಾಗಿತ್ತು.

ಇಷ್ಟೆಲ್ಲ ಹೇಳುವ ಪುಸ್ತಕ ಯುದ್ಧದ ಕೊನೆಗೆ ನಿಂತುಬಿಡುತ್ತದೆ. ಎಂಟು ವರ್ಷ ದೇಶ ಆಳಿದ್ದರ ಬಗ್ಗೆ ಅಧ್ಯಾಯವೇ ಇಲ್ಲ. ಕುಡಿತದ ಮಾತಿಲ್ಲ. 1862ರ ಡಿಸೆಂಬರಿನಲ್ಲಿ ತನ್ನ ಸೇನೆಯ ವ್ಯಾಪ್ತಿಯಿಂದ ಯಹೂದಿಗಳನ್ನೆಲ್ಲ ಹೊರಹಾಕಲು ಕೊಟ್ಟ ಆಜ್ಞೆಯ ಸುದ್ದಿಯಿಲ್ಲ. ಲಿಂಕನ್ ಅದನ್ನು ಕೂಡಲೇ ರದ್ದು ಮಾಡಿಸಿದ್ದ. ಅಧ್ಯಕ್ಷನಾದ ಮೇಲೆ ಗ್ರಾಂಟ್ ಯಹೂದಿಗಳಿಗೆ ಹುದ್ದೆ ಕೊಟ್ಟ, ವಾಷಿಂಗ್ಟನ್ನಿನ ಅವರ ಹೊಸ ಪ್ರಾರ್ಥನಾಮಂದಿರದ ಉದ್ಘಾಟನೆಗೂ ಹೋಗಿ ಕೂತ. ಪ್ರಾಮಾಣಿಕ ಪುಸ್ತಕ ಎಂದು ಹೊಗಳುವವರು ಈ ಮೌನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

‘ಅಧ್ಯಕ್ಷನಾಗಿ ಏನು ಮಾಡಿದ ಅಂತ ಇಲ್ಲಿ ಬಂದವರು ಕೇಳೋದೇ ಕಡಿಮೆ’ ಎಂಬರ್ಥದ ಮಾತನ್ನು ಸ್ವಯಂಸೇವಕರೂ ಆಡಿದರು. ಶಾಲೆಯಲ್ಲಿ ಬಹುಕಾಲ ಕಲಿಸಿದ್ದು ಹಗರಣಗಳನ್ನು: ಮದ್ಯ ತಯಾರಕರು ತೆರಿಗೆ ನುಂಗಿದ ವಿಸ್ಕಿ ಕೂಟ, ಲಂಚದ ಆರೋಪದಲ್ಲಿ ರಾಜೀನಾಮೆ ಕೊಟ್ಟ ಯುದ್ಧಮಂತ್ರಿ ಬೆಲ್ಕ್‌ನ್ಯಾಪ್, 1869ರಲ್ಲಿ ಚಿನ್ನದ ಮಾರುಕಟ್ಟೆಯನ್ನೇ ಹಿಡಿಯಹೊರಟ ಗೌಲ್ಡ್ ಮತ್ತು ಫಿಸ್ಕ್. ಗ್ರಾಂಟ್ ತಾನು ದುಡ್ಡು ಮುಟ್ಟಲಿಲ್ಲ. ಆದರೆ ನಂಬಿದವರನ್ನು ಎಂದೂ ಸಂಶಯಿಸಲಿಲ್ಲ. ವಾರ್ಡ್ ಆಮೇಲೆ ತೋಡಿದ ಹಳ್ಳಕ್ಕೆ ಬಿದ್ದದ್ದೂ ಅದೇ ಸ್ವಭಾವದಿಂದ.

ಇದರಡಿ ಹೂತುಹೋದದ್ದು ಆತನ ದೊಡ್ಡ ಕೆಲಸ. ಬಿಡುಗಡೆಯಾದ ಕರಿಯರು ದಕ್ಷಿಣದಲ್ಲಿ ಮತ ಹಾಕಲು ಹೋದರೆ ಮುಸುಕು ಹಾಕಿದ ಕೂ ಕ್ಲಕ್ಸ್ ಕ್ಲ್ಯಾನ್ ಗುಂಪುಗಳು ಮನೆಗೆ ನುಗ್ಗಿ ಹೊಡೆಯುತ್ತಿದ್ದವು, ಕೊಲ್ಲುತ್ತಿದ್ದವು. ಊರಿನ ಪೊಲೀಸು, ನ್ಯಾಯಾಧೀಶ, ಪಂಚರು ಎಲ್ಲ ಅವರ ಕಡೆಯವರೇ. 1870ರಲ್ಲಿ ಹದಿನೈದನೇ ತಿದ್ದುಪಡಿ ಜಾರಿಗೆ ಬಂತು: ಬಣ್ಣದ ಕಾರಣಕ್ಕೆ ಮತದ ಹಕ್ಕು ಕಸಿಯುವಂತಿಲ್ಲ. ಅದೇ ವರ್ಷ ನ್ಯಾಯ ಇಲಾಖೆ ಹುಟ್ಟಿತು. 1871ರ ಕಾನೂನಿನ ಬಲದಿಂದ ಸೌತ್ ಕ್ಯಾರೊಲಿನಾದ ಒಂಬತ್ತು ಕೌಂಟಿಗಳಲ್ಲಿ ಗ್ರಾಂಟ್, ಬಂಧಿತರನ್ನು ಕೋರ್ಟಿನ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ಹಕ್ಕನ್ನೇ ಅಮಾನತಿನಲ್ಲಿಟ್ಟು ಸೈನ್ಯ ಕಳಿಸಿದ. ಅಟಾರ್ನಿ ಜನರಲ್ ಆಮಸ್ ಅಕರ್‌ಮನ್, ಹಿಂದೆ ದಕ್ಷಿಣದ ಸೇನೆಯಲ್ಲಿದ್ದವನು, ಮೊಕದ್ದಮೆಗಳ ಬೆನ್ನಿಗೆ ನಿಂತ. ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ದೋಷಾರೋಪ ಹೊರಿಸಿದರು. ಶಿಕ್ಷೆಯಾದವರು ಅದರಲ್ಲಿ ಸಣ್ಣ ಪಾಲು. ಆದರೂ ಕ್ಲ್ಯಾನ್ ಆ ಸುತ್ತಿನಲ್ಲಿ ಮುರಿದುಬಿತ್ತು. 1873ರ ಆರ್ಥಿಕ ಕುಸಿತದ ಮೇಲೆ ಉತ್ತರದವರಿಗೆ ಈ ಹೋರಾಟ ಸಾಕಾಯಿತು. ಗ್ರಾಂಟನ ಕೈಯೂ ಸೋತಿತು. ಮೂಲನಿವಾಸಿಗಳ ವಿಷಯದಲ್ಲಿ ಇನ್ನೂ ಬೇಗ ಸೋತಿತು. ಆಪೊಮ್ಯಾಟಕ್ಸ್‌ನಲ್ಲಿ ಶರಣಾಗತಿಯ ಷರತ್ತುಗಳ ಶುದ್ಧಪ್ರತಿ ಬರೆದ ಸೆನೆಕಾ ಬುಡಕಟ್ಟಿನ ಈಲಿ ಪಾರ್ಕರನನ್ನೇ ಮೂಲನಿವಾಸಿಗಳ ಇಲಾಖೆಯ ಮುಖ್ಯಸ್ಥನನ್ನಾಗಿ ಮಾಡಿ ಶಾಂತಿನೀತಿ ಎಂದು ಆರಂಭಿಸಿದ್ದು, ಬ್ಲ್ಯಾಕ್ ಹಿಲ್ಸ್‌ನಲ್ಲಿ ಚಿನ್ನ ಸಿಕ್ಕ ಮೇಲೆ 1876ರ ಯುದ್ಧದಲ್ಲಿ ಮುಗಿಯಿತು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ 1872ರಲ್ಲಿ ರುಜು ಹಾಕಿದವನೂ ಈತನೇ. ಅದು ಸುಲಭದ ರುಜು.

ಹುದ್ದೆ ಬಿಟ್ಟ ಮೇಲೆ ಎರಡು ವರ್ಷಕ್ಕೂ ಮೇಲ್ಪಟ್ಟು ಲೋಕ ಸುತ್ತಿದ. 1879ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಳಿದು ಆಗ್ರಾ, ದಿಲ್ಲಿ, ಕಾಶಿ, ಕಲ್ಕತ್ತ ನೋಡಿಹೋದ. ನಮ್ಮ ಸೀಮೆಯತ್ತ ಬರಲಿಲ್ಲ.

ಮತ್ತೆ ಸಾಲದ ಮಾತಿಗೆ. ಸೆಂಚುರಿ ಪತ್ರಿಕೆಯವರು ಯುದ್ಧದ ಲೇಖನಕ್ಕೆ 500 ಡಾಲರ್ ಕೊಡುತ್ತೇವೆಂದಾಗ ಗ್ರಾಂಟ್ ಪೆನ್ನು ಹಿಡಿದ. ಶೈಲೋ ಬಗೆಗಿನ ಮೊದಲ ಬರಹ ಸರಕಾರಿ ವರದಿಯಷ್ಟು ಶುಷ್ಕವಾಗಿತ್ತು. ಸಂಪಾದಕ ಕೂತು ಮಾತಾಡಿಸಿ ಮನುಷ್ಯನನ್ನು ಹೊರಗೆಳೆದ. 1884ರ ಬೇಸಿಗೆಯಲ್ಲಿ ಪೀಚ್ ಹಣ್ಣು ಕಚ್ಚಿದಾಗ ಗಂಟಲಲ್ಲಿ ಚುಚ್ಚಿದಂತಾಗಿತ್ತು. ಅಕ್ಟೋಬರಿನಲ್ಲಿ ಡಾಕ್ಟರ್ ಡಗ್ಲಸ್ ನೋಡಿ ಕ್ಯಾನ್ಸರ್ ಎಂದರು. ಪುಸ್ತಕಕ್ಕೆ ಸೆಂಚುರಿಯವರು ನೂರಕ್ಕೆ ಹತ್ತರ ಗೌರವಧನ ಹೇಳಿದ್ದರು. ಮಾರ್ಕ್ ಟ್ವೇನ್ ಅದು ಅವಮಾನ ಎಂದು, ತನ್ನದೇ ಪ್ರಕಾಶನದಿಂದ ಬೆಲೆಯಲ್ಲಿ ನೂರಕ್ಕೆ ಇಪ್ಪತ್ತು ಅಥವಾ ನಿವ್ವಳ ಲಾಭದಲ್ಲಿ ಎಪ್ಪತ್ತು ಎಂದ. ಗ್ರಾಂಟ್ ಎರಡನೆಯದನ್ನು ಆರಿಸಿದ: ಪುಸ್ತಕ ಮಾರಾಟವಾಗದಿದ್ದರೆ ಪ್ರಕಾಶಕ ಮುಳುಗಬಾರದು. ವಾರ್ಡ್ ಕೈಯಲ್ಲಿ ಎಲ್ಲ ಕಳೆದುಕೊಂಡವನು ಇನ್ನೊಬ್ಬರ ನಷ್ಟದ ಲೆಕ್ಕ ಮೊದಲು ಹಾಕುತ್ತಾನೆ!

ಈ ಬೆಟ್ಟಕ್ಕೆ ಬರುವ ಹೊತ್ತಿಗೆ ದನಿ ಹೆಚ್ಚುಕಡಿಮೆ ಹೋಗಿತ್ತು. ಹೇಳಬೇಕಾದ್ದನ್ನು ಪೆನ್ಸಿಲಿನಲ್ಲಿ ಚೀಟಿ ಬರೆದು ಕೊಡುತ್ತಿದ್ದ. ತಾನೀಗ ಸರ್ವನಾಮಕ್ಕಿಂತ ಕ್ರಿಯಾಪದ ಎನಿಸುತ್ತದೆ, ಇರುವುದು, ಮಾಡುವುದು, ಅನುಭವಿಸುವುದು ಮೂರೂ ತಾನೇ ಎಂಬರ್ಥದ ಒಂದು ಚೀಟಿ ಡಾಕ್ಟರಿಗೆ ಬರೆದದ್ದು. ಜಗಲಿಯಲ್ಲಿ ಶಾಲು ಹೊದ್ದು, ತಲೆಗೆ ಟೋಪಿಯಿಟ್ಟು ಕೂತು ಕರಡಚ್ಚು ತಿದ್ದುತ್ತಿದ್ದ. ಎದುರಿನ ದಾರಿಯಲ್ಲಿ ಜನ ಸಾಲುಗಟ್ಟಿ ಸಾಗುತ್ತಿದ್ದರು. ತಲೆಯೆತ್ತಿ ಕೈ ತೋರಿಸಿ ಮತ್ತೆ ಕೆಲಸ. ಡೊನೆಲ್ಸನ್‌ನಲ್ಲಿ ಶರಣಾಗಿದ್ದ ದಕ್ಷಿಣದ ಸೇನಾಪತಿ ಸೈಮನ್ ಬಕ್ನರ್ ಜುಲೈ 10ರಂದು ನೋಡಲು ಬಂದ. 1854ರಲ್ಲಿ ನ್ಯೂಯಾರ್ಕಿನಲ್ಲಿ ಕೈ ಖಾಲಿಯಾಗಿ ನಿಂತ ಗ್ರಾಂಟನ ಹೋಟೆಲ್ ಬಿಲ್ಲಿಗೆ ಹೊಣೆ ನಿಂತಿದ್ದವನೂ ಇವನೇ. ಮುಂದಿನ ತಿಂಗಳು ಗ್ರಾಂಟನ ಶವಪೆಟ್ಟಿಗೆಗೆ ಗೌರವ ಹೆಗಲು ಕೊಟ್ಟವರಲ್ಲೂ ಬಕ್ನರ್ ಇದ್ದ.

ಮನೆಯಿಂದ ಸ್ವಲ್ಪ ಕೆಳಗೆ ನಡೆದರೆ ಕಣಿವೆ ಕಾಣುವ ಬಂಡೆಯಂಚು. ಹಡ್ಸನ್ ಬಯಲು, ಆಚೆ ವರ್ಮಾಂಟಿನ ಬೆಟ್ಟಸಾಲು. ಜುಲೈ 20ರಂದು ಗಾಲಿಕುರ್ಚಿಯಲ್ಲಿ ಇಲ್ಲಿಗೆ ತಂದಿದ್ದರು. ಅದೇ ಕೊನೆಯ ಸವಾರಿ. ಪುಸ್ತಕದ ಕೆಲಸ ಆ ಹೊತ್ತಿಗೆ ಮುಗಿದಿತ್ತು. ಮೂರು ದಿನಕ್ಕೆ ಆತ ತೀರಿಕೊಂಡ. ಅಳಿಯ ಬಹಳ ಹೊತ್ತು ಅಲ್ಲಿ ನಿಂತಿದ್ದವನು, ‘ಮಾವ, ಕೊನೆಗೆ ದುಡ್ಡು ಬಂತಾ?’ ಎಂದು ಕೇಳಿದ. ಅಳಿಯನೂ ಲೆಕ್ಕದವನೇ.

ಬಂತು. ಎರಡು ಸಂಪುಟಗಳನ್ನು ಮನೆಮನೆಗೆ ಹೋಗಿ ಮಾರಿದ ಏಜೆಂಟರಲ್ಲಿ ಎಷ್ಟೋ ಮಂದಿ ಗ್ರಾಂಟನ ಕೈಕೆಳಗೆ ಹೋರಾಡಿದ್ದ ಸೈನಿಕರು. ಮೂರು ಲಕ್ಷಕ್ಕೂ ಹೆಚ್ಚು ಜೋಡಿ ಹೋದವು. 1886ರ ಫೆಬ್ರವರಿಯಲ್ಲಿ ಜೂಲಿಯಾಳ ಕೈಗೆ ಬಂದ ಮೊದಲ ಚೆಕ್ಕೇ ಎರಡು ಲಕ್ಷ ಡಾಲರಿನದು. ಒಟ್ಟು ನಾಲ್ಕು ಲಕ್ಷ ದಾಟಿತು. ಟ್ವೇನನ ಪ್ರಕಾಶನ ಮುಂದೆ ಕೆಟ್ಟ ಹೂಡಿಕೆಗಳಿಂದ 1894ರಲ್ಲಿ ದಿವಾಳಿಯೆದ್ದಿತು. ಆ ಸಾಲ ತೀರಿಸಲು ಉಪನ್ಯಾಸ ಪ್ರವಾಸ ಹೊರಟ ಟ್ವೇನ್ 1896ರಲ್ಲಿ ಮುಂಬಯಿಗೂ ಬಂದ, ಕೊನೆಗೆ ಎಲ್ಲರಿಗೂ ಪೂರ್ತಿ ಕೊಟ್ಟ. ಬರಹಗಾರನೂ ಪ್ರಕಾಶಕನೂ ಇಬ್ಬರೂ ಸಾಲಕ್ಕೆ ಮುಖ ತಪ್ಪಿಸಿದವರಲ್ಲ.

ಗ್ರಾಂಟನ ಗೋರಿ ನ್ಯೂಯಾರ್ಕ್ ನಗರದಲ್ಲಿ, ಹಡ್ಸನ್ ದಂಡೆಯ ರಿವರ್‌ಸೈಡ್ ಡ್ರೈವ್‌ನಲ್ಲಿದೆ. ಸುಮಾರು 90 ಸಾವಿರ ಜನರ ವಂತಿಗೆಯಿಂದ ಕಟ್ಟಿ 1897ರಲ್ಲಿ ತೆರೆದದ್ದು. ದಂಪತಿ ಇಬ್ಬರೂ ಅಲ್ಲೇ ಕೆಂಪು ಗ್ರಾನೈಟ್ ಪೆಟ್ಟಿಗೆಗಳಲ್ಲಿದ್ದಾರೆ. ಅದನ್ನೂ ನೋಡಿದೆ. ಭವ್ಯವಾಗಿದೆ, ತಣ್ಣಗಿದೆ, ಗ್ರಾಂಟ್ ಮಾತ್ರ ಅಲ್ಲಿ ಸಿಗಲಿಲ್ಲ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ತಂದೆತಾಯಿಗಳಿಗೆ ನ್ಯೂಯಾರ್ಕಿನಿಂದ ನಯಾಗರ ಪ್ರವಾಸ ತಪ್ಪಿದ್ದಲ್ಲ. ಆಲ್ಬನಿಯಲ್ಲಿ ಪಶ್ಚಿಮಕ್ಕೆ ತಿರುಗುವ ಮುಂಚೆ ಅರ್ಧ ದಿನ ಉತ್ತರಕ್ಕೆ ತೆಗೆದಿಡಿ. ಚಳಿಗಾಲದಲ್ಲಿ ಮನೆ ಮುಚ್ಚಿರುತ್ತದೆ, ವೇಳೆ ವಿಚಾರಿಸಿಕೊಂಡೇ ಹೊರಡಿ. ಹೋಗಲಾಗದವರಿಗೆ ಆತ್ಮಕಥೆ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲಿನಿಂದ ಓದಲು ಉದ್ದವೆನಿಸಿದರೆ ಆಪೊಮ್ಯಾಟಕ್ಸ್ ಅಧ್ಯಾಯದಿಂದ ಶುರುಮಾಡಿ.